ಹೋರಿಯನ್ನು ಯಾವಾಗ ಕಟ್ಟಬೇಕಿತ್ತು? ಮಲೆನಾಡು ಗಿಡ್ಡ ಸಾಕಿ ಮಾರಲು ಹೋದವರ ಒಂದು ಪ್ರಕರಣ

ಈ ಪ್ರಕರಣದಲ್ಲಿ ನನ್ನದೂ ಒಂದು ತಪ್ಪಿದೆ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಬ್ಯಾಂಕಿನಲ್ಲಿ ಕೃಷಿ ಸಾಲ ನೋಡಿಕೊಳ್ಳುವವನು. ಇವರ ಕೊಟ್ಟಿಗೆ ಸಾಲದ ಕಾಗದ ತಯಾರು ಮಾಡಿದವನು ನಾನೇ. ಆಮೇಲೆ ವ್ಯಾಪಾರ ನಿಂತುಹೋದಾಗ ‘ಸ್ವಲ್ಪ ತಡೀರಿ, ಸರಿಹೋಗುತ್ತೆ’ ಅಂದವನೂ ನಾನೇ. ದನ ಸಾಕಿದವರು ದೂರದ ಸಂಬಂಧ. ಬರೆಯಲು ಒಪ್ಪಿದರು, ಹೆಸರು, ಊರು ಮಾತ್ರ ಬೇಡ ಅಂದರು. ಹೊಸನಗರಕ್ಕೂ ತೀರ್ಥಹಳ್ಳಿಗೂ ನಡುವೆ ಎಲ್ಲೋ ಒಂದು ಒಂಟಿ ಮನೆ ಅಂದುಕೊಳ್ಳಿ. ಎರಡು ಎಕರೆ ಅಡಿಕೆ ತೋಟ, ಹಿಂದೆ ಬೆಟ್ಟ. ಇಲ್ಲಿ ಅವರನ್ನು ಅಣ್ಣ, ಅವರ ಹೆಂಡತಿಯನ್ನು ಅತ್ತಿಗೆ ಅನ್ನುತ್ತೇನೆ, ಮನೆಯಲ್ಲಿ ಕರೆಯುವುದೂ ಹಾಗೇ. ಲೆಕ್ಕವೆಲ್ಲ ಅತ್ತಿಗೆಯ ನೋಟ್‌ಬುಕ್ಕಿನದು. ಗುರುತು ಸಿಗದ ಹಾಗೆ ಒಂದೆರಡು ವಿವರ ಬದಲಿಸಿದ್ದೇನೆ.

ಮಲೆನಾಡು ಗಿಡ್ಡ ನೋಡದವರಿಗೆ ಎರಡು ಮಾತು. ಇದು ನಮ್ಮ ಕಡೆಯ ನಾಟಿ ದನದ ತಳಿ, ನಿಂತರೆ ಸುಮಾರು ಮೂರಡಿ. ಹಸುವಿನ ತೂಕ ನೂರು-ನೂರಿಪ್ಪತ್ತು ಕಿಲೋ ಆಸುಪಾಸು. ಹಾಲು ದಿನಕ್ಕೆ ಒಂದೆರಡು ಲೀಟರ್, ಮೂರು ಕೊಟ್ಟರೆ ಮನೆಯವರು ಊರಿಗೆಲ್ಲ ಹೇಳಿಕೊಂಡು ಬರುತ್ತಾರೆ. ಮಳೆಗಾಲದ ಥಂಡಿಗಾಗಲಿ ಬೆಟ್ಟದ ಒರಟು ಹುಲ್ಲಿಗಾಗಲಿ ಜಗ್ಗುವುದಿಲ್ಲ. ತುಡುಗು ಬುದ್ಧಿ ಜಾಸ್ತಿ, ಬೇಲಿ ಹಾರುವುದರಲ್ಲಿ ಎತ್ತಿದ ಕೈ. ವರ್ಷಕ್ಕೊಂದು ಕರು ಹಾಕುತ್ತದೆ ಅಂತ ವರ್ಷಗಂಧಿ ಅನ್ನುವ ಹೆಸರೂ ಇದೆ. ಆ ಹೆಸರು ನೆನಪಿಟ್ಟುಕೊಳ್ಳಿ, ಮುಂದೆ ಅದೇ ಕುತ್ತಿಗೆಗೆ ಬಂತು.

ನಮ್ಮ ಕಡೆ ಇದನ್ನು ಯಾರೂ ದುಡ್ಡಿಗಾಗಿ ಸಾಕಿದ್ದಲ್ಲ. ಬೆಳಿಗ್ಗೆ ಬಿಟ್ಟರೆ ಸಂಜೆ ತಾನಾಗಿ ಬರುತ್ತಿತ್ತು, ಗೊಬ್ಬರ ಸಿಕ್ಕರೆ ಸಾಕಿತ್ತು. ಜರ್ಸಿ ಬಂದ ಮೇಲೆ ಅದಕ್ಕೂ ಬೆಲೆ ಇಲ್ಲದ ಹಾಗಾಯಿತು. ಆಮೇಲೆ ಗಾಳಿ ತಿರುಗಿತು. ಸುಭಾಷ್ ಪಾಳೇಕರ್ ಅವರ ಸಹಜ ಕೃಷಿಯಲ್ಲಿ ಜೀವಾಮೃತ ಅನ್ನುವ ದ್ರವ ಗೊಬ್ಬರಕ್ಕೆ ನಾಟಿ ಹಸುವಿನ ಸಗಣಿ-ಗಂಜಲವೇ ಬೇಕು, ಒಂದು ಹಸು ಇದ್ದರೆ 30 ಎಕರೆಗೆ ಸಾಕು ಅನ್ನುವ ಮಾತು ಹಬ್ಬಿತ್ತಲ್ಲ. ಬೆಂಗಳೂರಿನ ಸುತ್ತ ತೋಟದ ಮನೆ ಮಾಡಿಕೊಂಡವರು ಗಿಡ್ಡ ಹುಡುಕಿಕೊಂಡು ಬರತೊಡಗಿದರು. ಚಿಕ್ಕ ದನ, ಮೇವು ಕಮ್ಮಿ, ಮಕ್ಕಳ ಜೊತೆ ಫೋಟೋ ಚೆನ್ನಾಗಿ ಬರುತ್ತೆ.

ಅಣ್ಣ 2018ರಲ್ಲಿ ಐದು ಹಸು, ಒಂದು ಹೋರಿ ಇಟ್ಟುಕೊಂಡು ಶುರು ಮಾಡಿದರು. ಸುತ್ತಲ ಹಳ್ಳಿಯಲ್ಲಿ ಆರೇಳು ಸಾವಿರಕ್ಕೆ ಒಂದು ಸಿಗುತ್ತಿತ್ತು. ಸಾಕಿ, ಕರುವಿನ ಜೊತೆ 30ರಿಂದ 35 ಸಾವಿರಕ್ಕೆ ಕೊಡುತ್ತಿದ್ದರು. ಎರಡು ವರ್ಷ ತುಂಬುವುದರೊಳಗೆ ಹನ್ನೊಂದು ಜೋಡಿ ಹೋದವು. ಹೀಗೆ ಹೋಗುವಾಗ ಯಾರಿಗೆ ತಾನೇ ತಲೆ ನಿಲ್ಲುತ್ತದೆ? 2019ರ ನವೆಂಬರ್‌ನಲ್ಲಿ ನಮ್ಮಲ್ಲಿ ನಾಲ್ಕು ಲಕ್ಷ ಸಾಲ ತೆಗೆದು ಸಿಮೆಂಟ್ ನೆಲದ ಕೊಟ್ಟಿಗೆ ಕಟ್ಟಿಸಿದರು. ‘ಹತ್ತು ಜನ ಗಿರಾಕಿ ಕಾಯ್ತಿದಾರೆ ಮಾರಾಯ, ದನ ಎಲ್ಲಿಂದ ತರಲಿ’ ಅಂದಿದ್ದರು. ಇನ್ನೂ ಒಂಬತ್ತು ಹಸು ತಂದರು. ಆದರೆ ಅಷ್ಟರಲ್ಲಿ ಊರಿನ ರೇಟು 14 ಸಾವಿರಕ್ಕೆ ಏರಿತ್ತು. ಏರಿಸಿದವರು ಅಣ್ಣನೇ, ಬೇರೆ ಯಾರೂ ಅಲ್ಲ. ನಾನು ಸಾಲದ ಕಾಗದದಲ್ಲಿ ವರ್ಷಕ್ಕೆ ಹತ್ತು ಜೋಡಿ ಮಾರಾಟ ಅಂತ ಬರೆದೆ. ಮಾರಾಟ ಆಗದಿದ್ದರೆ ಏನು ಅನ್ನುವ ಕಾಲಂ ನಮ್ಮ ಫಾರಂನಲ್ಲಿ ಇರಲಿಲ್ಲ. ನನ್ನ ತಲೆಯಲ್ಲೂ ಇರಲಿಲ್ಲ.

ಇನ್ನೊಂದು ಲೆಕ್ಕವೂ ತಪ್ಪಿತ್ತು. ದನ ಬೆಟ್ಟಕ್ಕೆ ಹೋಗಿ ಮೇಯುತ್ತದೆ, ಖರ್ಚಿಲ್ಲ ಅಂದುಕೊಂಡಿದ್ದೆವು. ಆದರೆ 2018ರ ಕೊನೆ, 2019ರ ಮೊದಲಲ್ಲಿ ಸಾಗರ ತಾಲ್ಲೂಕಿನ ಅರಳಗೋಡು ಕಡೆ ಮಂಗನ ಕಾಯಿಲೆ ಜನರನ್ನೇ ತೆಗೆದುಕೊಂಡಿತ್ತು. ಕಾಡಿಗೆ ಹೋದ ದನ ಆ ಕಾಯಿಲೆ ಹರಡುವ ಉಣುಗನ್ನು, ಅಂದರೆ ಉಣ್ಣೆಯನ್ನು, ಮೈಮೇಲೆ ಹೊತ್ತು ತರುತ್ತದೆ. ಅತ್ತಿಗೆ ಹಟ ಹಿಡಿದರು, ಚಳಿಗಾಲ ಮುಗಿಯುವ ಹೊತ್ತಿನಿಂದ ಮಳೆ ಬೀಳುವ ತನಕ ದನ ಕಾಡಿಗೆ ಬಿಡುವ ಹಾಗಿಲ್ಲ ಅಂತ. ಅದು ಸರಿಯೇ. ಆದರೆ ಕಟ್ಟಿ ಸಾಕಿದರೆ ಒಂದು ದನಕ್ಕೆ ಬೈಹುಲ್ಲು, ಹಿಂಡಿ ಸೇರಿ ದಿನಕ್ಕೆ 40 ರೂಪಾಯಿ. ಹೊರಗೆ ಮೇಯುವಾಗ 15 ಸಾಕಿತ್ತು.

2020ರ ಮಾರ್ಚ್ 25ಕ್ಕೆ ಲಾಕ್‌ಡೌನ್ ಬಿತ್ತು. ಆ ದಿನ ಕೊಟ್ಟಿಗೆಯಲ್ಲಿ ಇದ್ದದ್ದು 26: ಹಸು 16, ಹೋರಿ 1, ಕರು 9. ನಾಲ್ಕು ಜೋಡಿಗೆ ತಲಾ ಹತ್ತು ಸಾವಿರ ಮುಂಗಡ ಬಂದಿತ್ತು. ಇಬ್ಬರು ಮುಂಗಡ ವಾಪಸ್ ಕೇಳಿದರು, ಕೊಟ್ಟರು. ಇನ್ನಿಬ್ಬರು ಫೋನನ್ನೇ ಎತ್ತಲಿಲ್ಲ. ಕೆಲಸ ಹೋಯಿತೋ ಸಂಬಳ ಕಡಿತವೋ, ಯಾರಿಗೂ ಗೊತ್ತಿಲ್ಲ. ಮನೆಯಿಂದಲೇ ಕೆಲಸ ಅಂತ ಸಾಫ್ಟ್‌ವೇರಿನವರೆಲ್ಲ ಊರಿಗೆ ಬಂದರಲ್ಲ, ಅವರಾದರೂ ತೆಗೆದುಕೊಳ್ಳುತ್ತಾರೆ ಅಂತ ಒಂದಷ್ಟು ದಿನ ಆಸೆ ಇತ್ತು. ಬಂದರು ನಿಜ, ಕರು ಎತ್ತಿಕೊಂಡು ಫೋಟೋ ತೆಗೆಸಿಕೊಂಡು ಮಜ್ಜಿಗೆ ಕುಡಿದು ಹೋದರು.

ಈಗ ನನ್ನ ತಪ್ಪಿಗೆ ಬರುತ್ತೇನೆ. ಜೂನ್‌ನಲ್ಲಿ ಒಂದು ಸಂಜೆ ಅಣ್ಣ ಫೋನ್ ಮಾಡಿದರು. ‘ಹೋರಿಯನ್ನ ಬೇರೆ ಕಟ್ಟಿಬಿಡಲಾ? ಹೀಗೇ ಬಿಟ್ಟರೆ ಎಲ್ಲ ಮತ್ತೆ ಗಬ್ಬ ಆಗ್ತವೆ.’ ನಾನು ಬೇಡ ಅಂದೆ. ಆರು ತಿಂಗಳಲ್ಲಿ ಮಾರ್ಕೆಟ್ ಸರಿಹೋಗುತ್ತೆ, ಆಗ ಕೊಡಲು ಕರುವೇ ಇಲ್ಲದಿದ್ದರೆ ಹೇಗೆ ಅಂದೆ. ಆಗ ರಿಸರ್ವ್ ಬ್ಯಾಂಕ್ ಕಂತು ಮುಂದೂಡಲು ಅವಕಾಶ ಕೊಟ್ಟಿತ್ತು, ಮೊದಲು ಮೂರು ತಿಂಗಳು, ಆಮೇಲೆ ಆಗಸ್ಟ್ ಕೊನೆಯ ತನಕ. ಅದೇ ಧೈರ್ಯ ನನಗೆ. ಕಂತು ನಿಂತಿತ್ತು, ಬಡ್ಡಿ ನಿಂತಿರಲಿಲ್ಲ. ಹುಲ್ಲು ಅಂತೂ ನಿಲ್ಲುವ ಪ್ರಶ್ನೆಯೇ ಇಲ್ಲ.

ಹಸುವಿನ ಗಬ್ಬ ಒಂಬತ್ತು ತಿಂಗಳ ಮೇಲೆ ಒಂದಷ್ಟು ದಿನ. ಜೂನ್‌ನಲ್ಲಿ ಗಬ್ಬ ಕಟ್ಟಿದರೆ ಮಾರ್ಚ್‌ನಲ್ಲಿ ಕರು. ಆ ಕರು ತಾಯಿಯ ಜೊತೆ ಮಾರುವ ಹದಕ್ಕೆ ಬರಲು ಇನ್ನೂ ಮೂರ್ನಾಲ್ಕು ತಿಂಗಳು. ಅಂದರೆ 2021ರ ಜುಲೈ. ನಾನು ‘ಆರು ತಿಂಗಳು’ ಅಂದಿದ್ದು ಯಾವ ಲೆಕ್ಕವೂ ಅಲ್ಲ, ಸುಮ್ನೆ ಬಾಯಿಗೆ ಬಂದದ್ದು. 2021ರ ಏಪ್ರಿಲ್ ಕೊನೆಗೆ ಎರಡನೇ ಅಲೆ ಬಂದು ರಾಜ್ಯ ಮತ್ತೆ ಬಾಗಿಲು ಹಾಕಿತು. ಕರುಗಳು ಅದೇ ಹೊತ್ತಿಗೆ ಸರಿಯಾಗಿ ಹುಟ್ಟುತ್ತಿದ್ದವು.

ಅಣ್ಣ ಕೊನೆಗೆ ಹೋರಿ ಬೇರೆ ಮಾಡಿದ್ದು 2020ರ ನವೆಂಬರ್‌ನಲ್ಲಿ. ಕಟ್ಟಿದರೆ ಹಗ್ಗ ಹರಿಯುತ್ತಿತ್ತು, ಬೇಲಿ ಹಾಕಿದರೆ ಹಾರುತ್ತಿತ್ತು. ಆಮೇಲೆ ಮೂರು ಮೈಲಿ ಆಚೆ ಒಬ್ಬರ ಮನೆಗೆ ಸಾಕಲು ಬಿಟ್ಟರು. ಹೋರಿ ಹೋದ ಮೇಲೂ ಒಂಬತ್ತು ತಿಂಗಳು ಕರು ಬೀಳುತ್ತಲೇ ಇದ್ದವು. 2021ರ ಜನವರಿಯಿಂದ ಆಗಸ್ಟ್ ತನಕ ಹತ್ತು. ಜೂನ್‌ನಲ್ಲೇ ಕಟ್ಟಿದ್ದರೆ ಅದರಲ್ಲಿ ಆರು ಹುಟ್ಟುತ್ತಲೇ ಇರಲಿಲ್ಲ ಅಂತ ಅತ್ತಿಗೆ ನೋಟ್‌ಬುಕ್ಕಿನಲ್ಲಿ ಗೆರೆ ಎಳೆದು ತೋರಿಸಿದರು. ಇನ್ನೊಂದು ವಿಷಯವೂ ಆಗ ಗೊತ್ತಾಯಿತು. 2018ರಿಂದ ಅದೇ ಒಂದು ಹೋರಿ. ಅದರ ಮಗಳಂದಿರು ಬೆದೆಗೆ ಬಂದಿದ್ದರು, ಅವಕ್ಕೂ ಅದೇ. ಒಂದು ಕರು ಎದ್ದು ನಿಲ್ಲಲೇ ಇಲ್ಲ, ಎರಡು ನೋಡುವ ಹಾಗಿರಲಿಲ್ಲ, ಅಷ್ಟು ಸೊರಗಿದ್ದವು. ವ್ಯಾಪಾರ ಜೋರಾಗಿದ್ದಾಗ ಹೋರಿ ಬದಲಿಸುವ ಯೋಚನೆ ಯಾರಿಗೂ ಬಂದಿರಲಿಲ್ಲ.

2021ರ ಆಗಸ್ಟ್‌ಗೆ ಕೊಟ್ಟಿಗೆಯಲ್ಲಿ 38. ಕರುಗಳಿಗೆ ಕಮ್ಮಿ ಹಿಡಿದರೂ ವರ್ಷದ ಮೇವಿನ ಖರ್ಚು ಮೂರು ಲಕ್ಷದ ಹತ್ತಿರ.

ಈ ನಡುವೆ ಬೆಲೆ ಇಳಿಸಿ ನೋಡಿದ್ದೂ ಆಗಿತ್ತು. ಜೋಡಿಗೆ 35 ಇದ್ದದ್ದು 22 ಸಾವಿರ ಅಂತ ವಾಟ್ಸಾಪ್ ಗುಂಪುಗಳಿಗೆಲ್ಲ ಹಾಕಿದರು. ಹೊಸ ಗಿರಾಕಿ ಬರಲಿಲ್ಲ. ಬಂದ ಫೋನೆಲ್ಲ ‘ಹದಿನೈದಕ್ಕೆ ಕೊಡ್ತೀರಾ’ ಅಂತ. ಹಿಂದೆ 35 ಕೊಟ್ಟಿದ್ದ ಒಬ್ಬರು ಫೋನ್ ಮಾಡಿ ನಮಗೆ ಟೋಪಿ ಹಾಕಿದ್ರಾ ಅಂತ ಕೇಳಿದರು. ಆ ಮಾತು ಅಣ್ಣನಿಗೆ ಬಹಳ ಚುಚ್ಚಿತು.

ಗಂಡುಕರುಗಳದ್ದು ಬೇರೆಯೇ ಕಥೆ. ಗದ್ದೆಗೆ ಟಿಲ್ಲರ್ ಬಂದ ಮೇಲೆ ಗಿಡ್ಡ ಎತ್ತು ಯಾರಿಗೂ ಬೇಡ. 2021ರ ಜನವರಿಯಲ್ಲಿ ಗೋಹತ್ಯೆ ತಡೆಯ ಹೊಸ ಕಾನೂನು ಸುಗ್ರೀವಾಜ್ಞೆಯಾಗಿ ಬಂತು. 1964ರ ಹಳೆಯ ಕಾನೂನಿನಲ್ಲಿ 12 ವರ್ಷ ದಾಟಿದ ಎತ್ತು-ಹೋರಿಯನ್ನು ಕಸಾಯಿಗೆ ಕೊಡಲು ಇದ್ದ ಅವಕಾಶ ಹೋಯಿತು. ಕಾನೂನು ಸರಿಯೋ ತಪ್ಪೋ ಅನ್ನುವ ಜಗಳ ಇಲ್ಲಿ ಬೇಡ. ವ್ಯಾಪಾರದಲ್ಲಿ ಆದದ್ದು ಇಷ್ಟು: ಯಾರಿಗೂ ಬೇಡದ ದನಕ್ಕೆ ಇದ್ದ ತಳಮಟ್ಟದ ಬೆಲೆಯೂ ಇಲ್ಲವಾಯಿತು, ಗಾಡಿಯಲ್ಲಿ ದನ ಸಾಗಿಸಲು ಡ್ರೈವರುಗಳೇ ಹೆದರಿದರು.

ಅಮೆರಿಕದಲ್ಲಿರುವ ನನ್ನ ಅಕ್ಕನ ಮಗನಿಗೆ ಇದೆಲ್ಲ ಹೇಳಿದಾಗ ಅವನು ನಕ್ಕ. ಅಲ್ಲಿ ಪುಟಾಣಿ ಕುದುರೆ ಸಾಕುವವರಿದ್ದಾರೆ. 34 ಇಂಚು ದಾಟಿದರೆ ಅಲ್ಲಿನ ಒಂದು ಮುಖ್ಯ ಸಂಘ ದಾಖಲೆಯಲ್ಲಿ ಇಟ್ಟುಕೊಳ್ಳುವುದಿಲ್ಲ. ಎತ್ತರದಲ್ಲಿ ನಮ್ಮ ಗಿಡ್ಡಕ್ಕೆ ಹೆಚ್ಚು ಕಡಿಮೆ ಸಮ. 2007ರಲ್ಲಿ ಆ ದೇಶದ ಕೊನೆಯ ಕುದುರೆ ಕಸಾಯಿಖಾನೆಗಳು ಮುಚ್ಚಿದವು, ಮರುವರ್ಷವೇ ಆರ್ಥಿಕ ಕುಸಿತ. ಮನೆ ಸಾಲವನ್ನೇ ಕಟ್ಟಲಾಗದವರು ಆಟದ ಕುದುರೆ ಎಲ್ಲಿ ಕೊಳ್ಳುತ್ತಾರೆ? ದುಬಾರಿ ಕುದುರೆಗಿಂತ ಅಗ್ಗದ ಕುದುರೆಗಳ ಬೆಲೆಯೇ ಜಾಸ್ತಿ ಬಿತ್ತಂತೆ. ಕುದುರೆಗೆ ಗಬ್ಬ ಹನ್ನೊಂದು ತಿಂಗಳು, ನಮಗಿಂತ ಇನ್ನೂ ಕಷ್ಟ. ‘ನಿಮ್ಮ ಮಾವನಿಗೆ ಇದು 2020ರಲ್ಲೇ ಗೊತ್ತಿದ್ದರೆ ಚೆನ್ನಾಗಿತ್ತು’ ಅಂದೆ. ಮಾವ ಅಂದರೆ ನಾನೇ.

ಇನ್ನು ದಲ್ಲಾಳಿ ಪ್ರಕರಣ. ಇದನ್ನು ಬರೆಯಬೇಡ ಅಂತ ಅಣ್ಣ ಮೊದಲು ಹೇಳಿದ್ದರು, ಬರೆದರೇ ಒಳ್ಳೆಯದು ಅಂತ ಅತ್ತಿಗೆ ಹೇಳಿದರು. ಆಂಧ್ರದ ಚಿತ್ತೂರು ಕಡೆ ಪುಂಗನೂರು ಅಂತ ಇನ್ನೊಂದು ಗಿಡ್ಡ ತಳಿ ಇದೆಯಲ್ಲ. ಅದಕ್ಕೆ ಲಕ್ಷಗಟ್ಟಲೆ ಬೆಲೆ. 2021ರ ಮಾರ್ಚ್‌ನಲ್ಲಿ ಒಬ್ಬ ದಲ್ಲಾಳಿ ಬಂದು ಬೆಳ್ಳಗಿದ್ದ ಎರಡು ಹೆಣ್ಣುಕರು ಆರಿಸಿಕೊಂಡ. ತಲಾ 18 ಸಾವಿರ, ರೊಕ್ಕ ಕೈಗೇ. ಕರುವಿಗೆ ಆ ರೇಟು ಯಾಕೆ ಕೊಡುತ್ತಾನೆ ಅಂತ ಅಣ್ಣ ಕೇಳಲಿಲ್ಲ. ಕೇಳಬೇಕು ಅನ್ನಿಸಿತ್ತಂತೆ. ಆದರೆ ಹುಲ್ಲಿನವನಿಗೆ ಬಾಕಿ ಇತ್ತು.

ಡಿಸೆಂಬರ್‌ನಲ್ಲಿ ಬೆಂಗಳೂರಿನಿಂದ ಆ ಕರು ಕೊಂಡವರ ಫೋನ್. ಕರುಗಳನ್ನು ‘ಮಿನಿ ಪುಂಗನೂರು’ ಅಂತ ಹೇಳಿ ಒಂದಕ್ಕೆ ಎಂಬತ್ತು ಸಾವಿರದ ಲೆಕ್ಕದಲ್ಲಿ ಮಾರಿದ್ದ ದಲ್ಲಾಳಿ. ಎರಡಡಿ ದಾಟುವುದಿಲ್ಲ ಅಂದಿದ್ದನಂತೆ. ಅವು ಮಲೆನಾಡು ಗಿಡ್ಡ, ತಮ್ಮ ಪಾಡಿಗೆ ಬೆಳೆದವು. ಕಿವಿಯಲ್ಲಿ ಸರ್ಕಾರದ ಗುರುತಿನ ಹಳದಿ ಓಲೆ, ಅದರಲ್ಲಿ 12 ಅಂಕಿಯ ನಂಬರ್. ಅಲ್ಲಿನ ಪಶು ವೈದ್ಯರು ನಂಬರ್ ಹಾಕಿ ನೋಡಿದರೆ ಅಣ್ಣನ ಹೆಸರು, ಅಣ್ಣನ ಮೊಬೈಲು. ದಲ್ಲಾಳಿಯ ಫೋನ್ ಸ್ವಿಚ್ ಆಫ್. ನಾನು ಸುಳ್ಳು ಹೇಳಿ ಮಾರಿಲ್ಲ ಅಂತ ಅಣ್ಣ ವಾದಿಸಬಹುದಿತ್ತು. ಕಾಗದದಲ್ಲಿ ಅದು ನಿಜವೂ ಹೌದು. ಎರಡು ದಿನ ಯೋಚನೆ ಮಾಡಿದರು. ‘ಕೇಳದೇ ಇದ್ದದ್ದೂ ನಾವೇ ಅಲ್ವಾ’ ಅಂದರು ಅತ್ತಿಗೆ. ತಾವು ಪಡೆದ 36 ಸಾವಿರವನ್ನು ಎರಡು ಕಂತಿನಲ್ಲಿ ವಾಪಸ್ ಕೊಟ್ಟರು. ಉಳಿದದ್ದು ಕರು ಕೊಂಡ ಆ ಮನುಷ್ಯನಿಗೆ ನಷ್ಟವೇ. ಕರುಗಳು ಗಾಡಿ ಹತ್ತಿ ಊರಿಗೆ ಬಂದವು, ಗಾಡಿ ಬಾಡಿಗೆಯೂ ಅಣ್ಣನದೇ. ಮೇವು ತಿನ್ನಲು ಇನ್ನೆರಡು ಬಾಯಿ.

ಆಮೇಲೆ ಆ ದಲ್ಲಾಳಿಯ ಥರದವರೇ ಮೂವರು ಬಂದಿದ್ದಾರೆ. ಈಗ ಅಣ್ಣ ಕೊಡುವ ಚೀಟಿಯಲ್ಲಿ ತಳಿ, ಓಲೆ ನಂಬರ್, ತಾಯಿಯ ಎತ್ತರ ಮೂರೂ ಬರೆದು ಸಹಿ ಮಾಡಿಸಿಕೊಳ್ಳುತ್ತಾರೆ. ಅಂಥ ದಲ್ಲಾಳಿಗಳು ಚೀಟಿ ನೋಡಿದ ಕೂಡಲೇ ಎದ್ದು ಹೋಗುತ್ತಾರೆ, ಕಾಫಿಗೂ ಕೂರುವುದಿಲ್ಲ.

ಪರಿಸ್ಥಿತಿ ತಿರುಗಿದ್ದು ಗೊಬ್ಬರದಿಂದ. ಇದು ನಮಗೆ ಹೊಳೆಯಲು ಒಂದೂವರೆ ವರ್ಷ ಹಿಡಿಯಿತು ಅನ್ನುವುದೇ ನಾಚಿಕೆ. ಗಿರಾಕಿ ಬೆಂಗಳೂರಲ್ಲಿದ್ದಾನೆ ಅಂತ ಅತ್ತ ಕಡೆಯೇ ನೋಡುತ್ತಾ ಕೂತಿದ್ದೆವು. ಆದರೆ 2021ರಲ್ಲಿ ಅಡಿಕೆಗೆ ಒಳ್ಳೆಯ ಬೆಲೆ ಬಂತು, ಸೆಪ್ಟೆಂಬರ್ ಹೊತ್ತಿಗೆ ರಾಶಿ ಅನ್ನುವ ದರ್ಜೆಯ ಅಡಿಕೆ ಕ್ವಿಂಟಲ್‌ಗೆ 50 ಸಾವಿರದ ಆಸುಪಾಸು. ಶಿಕಾರಿಪುರ, ಚನ್ನಗಿರಿ ಬಯಲಲ್ಲೆಲ್ಲ ಹೊಸ ಅಡಿಕೆ ತೋಟ ಏಳುತ್ತಿದ್ದವು. ಅವರಿಗೆ ಕೊಟ್ಟಿಗೆ ಗೊಬ್ಬರ ಎಷ್ಟಿದ್ದರೂ ಬೇಕು. ದುಡ್ಡು ನಮ್ಮ ಪಕ್ಕದಲ್ಲೇ ಓಡಾಡುತ್ತಿತ್ತು.

ಅಡ್ಡಿಯಾದದ್ದು ಸಾಲ ಮಾಡಿ ಕಟ್ಟಿಸಿದ ಸಿಮೆಂಟ್ ನೆಲ. ದಿನಾ ನೀರು ಹಾಕಿ ತೊಳೆದು ಸಗಣಿಯನ್ನೆಲ್ಲ ಚರಂಡಿಗೆ ಬಿಡುತ್ತಿದ್ದರು. ಮೊದಲಿನ ಮಣ್ಣಿನ ಕೊಟ್ಟಿಗೆಯಲ್ಲಿ ಸೊಪ್ಪು, ದರಕು (ಒಣಗಿದ ಎಲೆ) ಹಾಸುತ್ತಿದ್ದರು, ದನ ತುಳಿದು ತುಳಿದು ಅದೇ ಗೊಬ್ಬರ ಆಗುತ್ತಿತ್ತು. ಅತ್ತಿಗೆ ಒಂದು ದಿನ ಪೈಪು ಸುತ್ತಿಟ್ಟು ಸಿಮೆಂಟಿನ ಮೇಲೇ ದರಕು ಹಾಸಿದರು. ದನಗಳ ಕಾಲು ಜಾರುವುದೂ ನಿಂತಿತು. ಮುಂದಿನ ವರ್ಷ 28 ಟ್ರ್ಯಾಕ್ಟರ್ ಲೋಡು, ಲೋಡಿಗೆ 4,500. ಒಂದು ಲಕ್ಷ 26 ಸಾವಿರ. ಮೇವಿನ ಖರ್ಚು ಪೂರ್ತಿ ಹುಟ್ಟಲಿಲ್ಲ, ಆದರೆ ಉಸಿರಾಡುವ ಹಾಗಾಯಿತು.

ಜೊತೆಗೆ ಎಂಟು ಹಸುಗಳನ್ನು ಕರುವಿನ ಸಮೇತ ಪಾಲಿಗೆ ಕೊಟ್ಟರು. ಇದು ಹಳೆಯ ಪದ್ಧತಿ. ಹಾಲು, ಗೊಬ್ಬರ ಸಾಕುವವರಿಗೆ. ಮುಂದೆ ಹುಟ್ಟುವ ಮೊದಲ ಕರು ಅವರದು, ಎರಡನೆಯದು ನಮ್ಮದು. ಒಂದೇ ತಿಂಗಳಲ್ಲಿ ಹದಿನಾರು ಬಾಯಿ ಕಮ್ಮಿ ಆದವು. ದುಡ್ಡು ಒಂದು ಪೈಸೆ ಬರಲಿಲ್ಲ, ಆದರೆ ಹೋಗುವುದು ನಿಂತಿತು. ಇಲ್ಲಿ ಒಂದು ಎಡವಟ್ಟೂ ಆಯಿತು. ಎಲ್ಲ ಬಾಯಿಮಾತು. 2022ರಲ್ಲಿ ಚರ್ಮಗಂಟು ರೋಗ ಬಂದು ಪಾಲಿಗೆ ಕೊಟ್ಟ ಒಂದು ಹಸು ಸತ್ತಿತು. ಲಸಿಕೆ ಯಾರು ಹಾಕಿಸಬೇಕಿತ್ತು, ನಷ್ಟ ಯಾರದು? ಅವರು ಇವರ ಮೇಲೆ, ಇವರು ಅವರ ಮೇಲೆ. ಆ ಮನೆಯ ಜೊತೆ ಈಗಲೂ ಮಾತು ಅಷ್ಟಕ್ಕಷ್ಟೇ. ಮನೆಯಲ್ಲಿ ಇದ್ದವಕ್ಕೆ ಮೇಕೆ ಸಿಡುಬಿನ ಲಸಿಕೆ ಹಾಕಿಸಿದ್ದರು, ಒಂದು ಕರು ಮಾತ್ರ ಹೋಯಿತು.

ದನ ಮಾರುವ ರೀತಿಯೂ ಬದಲಾಯಿತು. ಮೊದಲು ಬೆಟ್ಟದಿಂದ ಬಂದ ಹಸುವನ್ನು ಹಾಗೇ ಗಾಡಿ ಹತ್ತಿಸುತ್ತಿದ್ದರು. ಕೆಚ್ಚಲು ಮುಟ್ಟಿದರೆ ಒದೆ. ಪೇಟೆಯವರು ಹಾಲು ಕರೆಯಲಾಗದೆ ಸುಮ್ಮನೆ ಕಟ್ಟಿಹಾಕಿಕೊಂಡಿದ್ದರು ಅನ್ನುವುದು ನಮಗೆ ಆಮೇಲೆ ಗೊತ್ತಾದದ್ದು. ಹಾಗಿದ್ದ ಮೇಲೆ ಇನ್ನೊಬ್ಬರಿಗೆ ತಗೊಳ್ಳಿ ಅಂತ ಯಾರು ಹೇಳುತ್ತಾರೆ? ಅತ್ತಿಗೆ ದಿನಾ ಸಂಜೆ ಮೈ ಉಜ್ಜಿ, ಅಕ್ಕಚ್ಚು ಕುಡಿಸಿ, ಕೈಗೆ ಹೊಂದಿಸತೊಡಗಿದರು. ಹೊಸ ಕೈಗೂ ಹಾಲು ಇಳಿಸಬೇಕು, ಹಾಗಾದ ಮೇಲೇ ಮಾರಾಟ. ‘ಹದಿನೈದು ದಿನ ಇಟ್ಕೊಳ್ಳಿ, ಹೊಂದದಿದ್ರೆ ತಂದು ಬಿಡಿ’ ಅನ್ನುವ ಮಾತಿನ ಮೇಲೆ 2022ರಲ್ಲಿ ಐದು ಜೋಡಿ ಹೋದವು. ಐದೂ ಇಪ್ಪತ್ತು ಮೈಲಿಯೊಳಗಿನ ಅಡಿಕೆ ತೋಟದವರಿಗೆ, 16ರಿಂದ 18 ಸಾವಿರಕ್ಕೆ. ಹಳೆಯ ಬೆಲೆಯ ಅರ್ಧ. ಆದರೆ ಗಾಡಿ ಬಾಡಿಗೆ ಇಲ್ಲ, ದಲ್ಲಾಳಿ ಇಲ್ಲ, ಹೆಚ್ಚಿನವು ನಡೆದುಕೊಂಡೇ ಹೋದವು. ಒಂದು ಮಾತ್ರ ವಾಪಸ್ ಬಂತು. ಬಂದದ್ದೂ ತಾನಾಗೇ, ಬೇಲಿ ಹಾರಿ, ರಾತ್ರೋರಾತ್ರಿ.

ಸಾಲದ ವಿಷಯ ಮುಚ್ಚಿಡಬಾರದು. 2021ರ ಅಕ್ಟೋಬರ್‌ನಲ್ಲಿ ಬಾಕಿ ಕಂತುಗಳನ್ನು ಕಟ್ಟಿದ್ದು ದನದ ದುಡ್ಡಿನಿಂದ ಅಲ್ಲ, ಅಡಿಕೆ ದುಡ್ಡಿನಿಂದ. ಎರಡು ಎಕರೆ ತೋಟ ಇಲ್ಲದವರು ಇದೇ ಪೆಟ್ಟು ತಿಂದಿದ್ದರೆ ಕೊಟ್ಟಿಗೆಯೂ ಹೋಗುತ್ತಿತ್ತು, ನನ್ನ ಮುಖವನ್ನೂ ನೋಡುತ್ತಿರಲಿಲ್ಲ. ಈಗ ಯಾರಾದರೂ ದನ ಸಾಕಿ ಮಾರುತ್ತೇನೆ ಅಂತ ಸಾಲಕ್ಕೆ ಬಂದರೆ ನಾನು ಕೇಳುವ ಮೊದಲ ಪ್ರಶ್ನೆ, ಒಂದು ವರ್ಷ ಒಂದೂ ಮಾರಾಟ ಆಗದಿದ್ದರೆ ಹುಲ್ಲಿಗೆ ದುಡ್ಡು ಎಲ್ಲಿಂದ? ಎರಡನೆಯದು, ಹೋರಿ ಎಲ್ಲಿ ಕಟ್ಟುತ್ತೀರಿ? ಇದನ್ನು ಕೇಳಿ ಒಬ್ಬರು ನಕ್ಕರು, ಬ್ಯಾಂಕಿನವರಿಗೆ ಹೋರಿ ಯಾಕೆ ಸಾರ್ ಅಂತ.

ಹೋದ ತಿಂಗಳು ಅವರ ಮನೆಗೆ ಹೋಗಿದ್ದೆ. ಹಸು ಒಂಬತ್ತು ಇವೆ. ಹೋರಿ ಹೊಸದು, ಬೇರೆ ಊರಿನದು, ತೋಟದ ಆಚೆ ಬದಿಗೆ ಗಟ್ಟಿ ಕಲ್ಲುಕಂಬಕ್ಕೆ ಕಟ್ಟಿತ್ತು. ಕೊಟ್ಟಿಗೆಯ ಗೋಡೆಗೆ ಅತ್ತಿಗೆ ಕ್ಯಾಲೆಂಡರ್ ಮೊಳೆ ಹೊಡೆದಿದ್ದಾರೆ. ಯಾವ ಹಸು ಯಾವಾಗ ಬೆದೆಗೆ ಬಂತು, ಕರು ಹಾಕಿದರೆ ಯಾವ ತಿಂಗಳು, ಅದನ್ನು ಕೇಳಿಟ್ಟವರು ಯಾರು, ಮೂರನ್ನೂ ಬರೆಯುತ್ತಾರೆ. ನಾಲ್ಕು ಹಸುಗಳ ಎದುರು ಯಾರದೋ ಹೆಸರು ಇತ್ತು. ಕಾಳಿ ಅನ್ನುವ ಹಸು ಅವತ್ತು ಬೆದೆಗೆ ಬಂದು ಒಂದೇ ಸಮನೆ ಕೂಗುತ್ತಿತ್ತು. ಆಚೆಯಿಂದ ಹೋರಿಯೂ ಕೂಗುತ್ತಿತ್ತು. ಅಣ್ಣ ಕ್ಯಾಲೆಂಡರ್ ನೋಡಿದರು, ಕಾಳಿಯ ಎದುರು ಜಾಗ ಖಾಲಿ. ‘ಕೂಗ್ಲಿ ಬಿಡು ಮಾರಾಯ, ಬಾ ಕಾಫಿ ಕುಡಿಯೋಣ’ ಅಂದರು.